ಕ್ರಿಯಾಪದವೂ ಪಕ್ಷ ಹಿಡಿಯುತ್ತೆ: ‘ರೆಸಿಸ್ಟ್’, ‘ರಿಪೆಲ್’, ‘ಡಿಫೈ’

ಇಂಗ್ಲಿಷ್ ಹೆಡ್‌ಲೈನ್ ಓದುವಾಗ ನಾನು ಮೊದಲು ನೋಡೋದು ಕ್ರಿಯಾಪದವನ್ನು. ಯಾರು ದಾಳಿಕೋರ, ಯಾರು ರಕ್ಷಕ ಅನ್ನೋದು ಎಷ್ಟೋ ಸಲ ಅಲ್ಲೇ ತೀರ್ಮಾನ ಆಗಿರುತ್ತೆ.

‘ರೆಸಿಸ್ಟ್’ ಪದದ ಲ್ಯಾಟಿನ್ ಮೂಲದಲ್ಲಿ ಇರೋದು ‘ನಿಲ್ಲುವುದು’. ಅಂದರೆ ಒತ್ತಡಕ್ಕೆ ಜಗ್ಗದೆ ಎದುರು ನಿಲ್ಲೋದು. ‘ರಿಪೆಲ್’ ಅಂದರೆ ಹಿಂದಕ್ಕೆ ತಳ್ಳುವುದು. ಬಂದವರು ದಾಳಿಗೇ ಬಂದರು ಎಂಬ ಸೂಚನೆ ಜೊತೆಗೇ ಬರುತ್ತೆ. ‘ಫೆಂಡ್ ಆಫ್’ ಕೂಡ ಹಾಗೇ: ‘ಫೆಂಡ್’ ಅನ್ನೋದು ‘ಡಿಫೆಂಡ್’ನ ಮೊಟಕು ರೂಪ. ‘ಸ್ಟೇವ್ ಆಫ್’ ಬೇರೆ: ಹಸಿವು, ದಿವಾಳಿತನದಂಥ ಕಂಟಕವನ್ನು ಸದ್ಯಕ್ಕೆ ದೂರ ಇಡೋದು. ‘ಡಿಫೈ’ ಬಳಸಿದರೆ ಗಮನವೆಲ್ಲ ಆದೇಶ ಮುರಿದವರ ಮೇಲೆ. ಆದೇಶ ಸರಿಯಿತ್ತೇ ಎಂಬ ಪ್ರಶ್ನೆ ಹಿಂದೆ ಸರಿಯುತ್ತೆ.

2020ರ ನವೆಂಬರ್ ನೆನಪಿಸಿಕೊಳ್ಳಿ. ದೆಹಲಿಯತ್ತ ಹೊರಟ ರೈತರ ಮೇಲೆ ಪಂಜಾಬ್–ಹರಿಯಾಣ ಗಡಿಯಲ್ಲಿ ಜಲಫಿರಂಗಿ, ಅಶ್ರುವಾಯು ಪ್ರಯೋಗವಾಯ್ತು. ಪೊಲೀಸರು ರೈತರನ್ನು ‘ರಿಪೆಲ್’ ಮಾಡಿದರು ಅಂತ ಬರೆದರೆ ರೈತರೇ ದಾಳಿಕೋರರು. ರೈತರು ಜಲಫಿರಂಗಿಯನ್ನು ‘ವಿತ್‌ಸ್ಟ್ಯಾಂಡ್’ ಮಾಡಿದರು ಅಂದರೆ, ಬಲ ಪ್ರಯೋಗಿಸಿದ್ದು ಯಾರು ಅಂತ ಕಾಣುತ್ತೆ. ಘಟನೆ ಒಂದೇ. ವ್ಯಾಕರಣದ ಪ್ರಕಾರ ಎರಡೂ ವಾಕ್ಯ ಸರಿ.

ಕನ್ನಡದಲ್ಲೂ ‘ಹಿಮ್ಮೆಟ್ಟಿಸಿದರು’, ‘ತಡೆದರು’, ‘ಪ್ರತಿರೋಧಿಸಿದರು’ ಒಂದೇ ಅಲ್ಲ. ಇಂಗ್ಲಿಷ್ ಸುದ್ದಿಯನ್ನು ಶೇರ್ ಮಾಡುವ, ಅನುವಾದಿಸುವ ಮುನ್ನ ಕೇಳಿಕೊಳ್ಳಿ: ಈ ಕ್ರಿಯಾಪದದ ಪ್ರಕಾರ ಮೊದಲು ಕೈ ಎತ್ತಿದ್ದು ಯಾರು? ನಿಜದಲ್ಲಿ ಯಾರು?