ಶರ್ವಿಲಕನ ಕನ್ನ

ಶೂದ್ರಕನ ‘ಮೃಚ್ಛಕಟಿಕ’ 10 ಅಂಕಗಳ ಸಂಸ್ಕೃತ ಪ್ರಕರಣ. ಎಂದರೆ ಪುರಾಣದಿಂದ ಎತ್ತಿಕೊಳ್ಳದೆ ಕವಿಯೇ ಕಟ್ಟಿದ ಕಥೆಯ ನಾಟಕ. ಊರು ಉಜ್ಜಯಿನಿ. ಮೂರನೆಯ ಅಂಕದ ನಡುರಾತ್ರಿ ಶರ್ವಿಲಕ ಬಡವನಾಗಿರುವ ನಾಯಕ ಚಾರುದತ್ತನ ಮನೆಗೆ ಕನ್ನ ಹಾಕಲು ಬರುತ್ತಾನೆ. ನಾಲ್ಕು ವೇದ ಬಲ್ಲ, ದಾನ ಮುಟ್ಟದ ಬ್ರಾಹ್ಮಣನ ಮಗ ಅವನು. ಗಣಿಕೆ ವಸಂತಸೇನೆಯ ದಾಸಿ, ತನ್ನ ಪ್ರೇಯಸಿ ಮದನಿಕೆಯನ್ನು ಬಿಡಿಸಿಕೊಳ್ಳಲು ಹಣ ಬೇಕಾಗಿದೆ.

ಮೊದಲ ಕೆಲಸ ಜಾಗ ಹುಡುಕುವುದು. ಗೋಡೆಯ ಮೇಲೆ ಕೈಯಾಡಿಸುತ್ತಾನೆ. ದಿನವೂ ಸೂರ್ಯನಿಗೆ ಅರ್ಘ್ಯ ಬಿಟ್ಟು ಒಂದೆಡೆ ನೆನೆದಿದೆ, ಉಪ್ಪು ಹಿಡಿದು ಸವೆದಿದೆ, ಇಲಿ ಕೆದರಿದ ಮಣ್ಣೂ ಇದೆ. ಅಲ್ಲೇ ಸರಿ. ಇನ್ನು ವಿಧಾನ: ಸುಟ್ಟ ಇಟ್ಟಿಗೆಯಾದರೆ ಎಳೆಯಬೇಕು, ಹಸಿ ಇಟ್ಟಿಗೆಯಾದರೆ ಕಡಿಯಬೇಕು, ಮಣ್ಣಿನ ಗೋಡೆಗೆ ನೀರು ಹೊಯ್ಯಬೇಕು, ಮರವನ್ನು ಸೀಳಬೇಕು. ಇದು ಸುಟ್ಟ ಇಟ್ಟಿಗೆ. ಕನ್ನದ ಆಕಾರದಲ್ಲೂ ಆಯ್ಕೆಗಳಿವೆ: ಅರಳಿದ ತಾವರೆ, ಸೂರ್ಯ, ಎಳೆಚಂದ್ರ, ಸ್ವಸ್ತಿಕ, ಪೂರ್ಣಕುಂಭ. ಇಲ್ಲಿಗೆ ಪೂರ್ಣಕುಂಭವೇ ಒಪ್ಪುತ್ತದೆ ಎಂದು ತೀರ್ಮಾನಿಸುತ್ತಾನೆ. ಬೆಳಗಾದ ಮೇಲೆ ಊರವರು ನೋಡಿ ಬೆರಗಾಗಬೇಕಲ್ಲ!

ಅಳತೆಯ ದಾರ ಮರೆತು ಬಂದಿದ್ದಾನೆ. ಚಿಂತೆಯಿಲ್ಲ, ಜನಿವಾರವಿದೆ. ಅದರಿಂದ ಅಳೆಯಬಹುದು, ಒಡವೆಯ ಕೊಂಡಿ ಬಿಡಿಸಬಹುದು, ಅಗಳಿ ತೆಗೆಯಬಹುದು, ಹಾವು ಕಚ್ಚಿದರೆ ಬಿಗಿದು ಕಟ್ಟಬಹುದು. ಒಂದೇ ಇಟ್ಟಿಗೆ ಬಾಕಿ ಇರುವಾಗ ಹಾವು ಬೆರಳಿಗೆ ಕಚ್ಚಿಯೇ ಬಿಡುತ್ತದೆ; ಜನಿವಾರವನ್ನೇ ಬಿಗಿಯುತ್ತಾನೆ. ತಮಾಷೆಗೆ ಆಡಿಸಿದ ಮಾತನ್ನು ಶೂದ್ರಕ ಹಾಗೇ ಬಿಡುವವನಲ್ಲ.

ಒಳಗೆ ಯಾರಾದರೂ ಎಚ್ಚರವಿದ್ದಾರೋ ನೋಡಲು ಕನ್ನದೊಳಗೆ ಮೊದಲು ತೂರಿಸುವುದು ಒಂದು ಬೊಂಬೆಯನ್ನು. ಹಳೆಯ ಕದ ಕಿರುಗುಟ್ಟದಂತೆ ನೀರು ಚಿಮುಕಿಸುತ್ತಾನೆ. ಆ ನೀರು ನೆಲಕ್ಕೆ ಬಿದ್ದು ಸದ್ದಾದೀತೆಂದು ಮತ್ತೆ ಅಂಜುತ್ತಾನೆ. ಮಲಗಿದವರದು ನಿಜವಾದ ನಿದ್ದೆಯೇ? ಉಸಿರು ಸಮವಾಗಿದೆ, ರೆಪ್ಪೆಯಡಿ ಕಣ್ಣು ಅಲುಗುತ್ತಿಲ್ಲ, ಮೈ ಸಡಿಲವಾಗಿದೆ, ದೀಪ ಎದುರಿಗಿದ್ದರೂ ಮಿಸುಕಾಟವಿಲ್ಲ. ಆದರೆ ಕಾಣುವುದೆಲ್ಲ ಮೃದಂಗ, ವೀಣೆ, ಕೊಳಲು, ಪುಸ್ತಕ. ಹಣವನ್ನು ನೆಲದಡಿ ಹೂತಿಟ್ಟಿದ್ದಾರೋ ಎಂದು ಮಂತ್ರದ ಬೀಜ ಎರಚಿ ನೋಡುತ್ತಾನೆ. ಏನೂ ಇಲ್ಲ. ಹೊರಡಬೇಕೆನ್ನುವಾಗ ವಿದೂಷಕ ಮೈತ್ರೇಯ ಕನವರಿಸುತ್ತ, ಹಳೆಯ ಸ್ನಾನದ ಬಟ್ಟೆಯಲ್ಲಿ ಸುತ್ತಿದ ಒಡವೆಯ ಗಂಟನ್ನು ತಾನಾಗಿಯೇ ಕೈಗಿಡುತ್ತಾನೆ. ಅಷ್ಟೆಲ್ಲ ಶಾಸ್ತ್ರ ಮಾಡಲಾಗದ್ದನ್ನು ಒಬ್ಬನ ಕನಸು ಮಾಡಿಕೊಟ್ಟಿತು.

ಎದ್ದ ಚಾರುದತ್ತ ಮೊದಲು ಕನ್ನದ ಅಂದವನ್ನೇ ಹೊಗಳುತ್ತಾನೆ. ಕಳ್ಳ ಬರಿಗೈಲಿ ಹೋಗಲಿಲ್ಲವೆಂದು ಸಮಾಧಾನವನ್ನೂ ಪಡುತ್ತಾನೆ. ಮನೆಯೊಡೆಯನೇ ಹೀಗಿದ್ದರೆ ಪ್ರೇಕ್ಷಕ ಇನ್ನೇನು ಮಾಡಿಯಾನು?

ಬರೀ ಚತುರನಾಗಿದ್ದರೆ ಶರ್ವಿಲಕ ಇಷ್ಟು ಕಾಲ ಉಳಿಯುತ್ತಿರಲಿಲ್ಲ. ಮದನಿಕೆ ಕೈಸೇರಿದ ಗಳಿಗೆಯಲ್ಲೇ ಗೆಳೆಯ ಆರ್ಯಕ ಸೆರೆಯಾದನೆಂದು ಕೇಳಿ, ಅವಳನ್ನು ಬಂಡಿಯಲ್ಲೇ ಬಿಟ್ಟು ಅವನನ್ನು ಬಿಡಿಸಲು ಹೊರಡುತ್ತಾನೆ. ಹತ್ತನೆಯ ಅಂಕದಲ್ಲಿ ಚಾರುದತ್ತನ ಮುಂದೆ ನಿಂತು ಕನ್ನ ಹಾಕಿದವನು ತಾನೇ ಎಂದು ಒಪ್ಪಿಕೊಳ್ಳುತ್ತಾನೆ. ಗಿರೀಶ್ ಕಾರ್ನಾಡರು ಈ ಕಥೆಯನ್ನು 1984ರಲ್ಲಿ ಹಿಂದಿಯ ‘ಉತ್ಸವ್’ ಚಿತ್ರವಾಗಿಸಿದಾಗ ಕಳ್ಳನ ಪಾತ್ರವನ್ನು ಶಂಕರ್ ನಾಗ್ ಮಾಡಿದ್ದರು.