ಕಡುಬೇಸಿಗೆಗೆ ಚೀನೀ ವೈದ್ಯದ ಪಥ್ಯ

ಚೀನೀ ಪಂಚಾಂಗದಲ್ಲಿ ಜುಲೈ ಮಧ್ಯದಿಂದ ಆಗಸ್ಟ್‌ವರೆಗಿನ 30 ಅಥವಾ 40 ದಿನಗಳಿಗೆ ‘ಸಾನ್‌ಫು’ ಎಂದು ಹೆಸರು. ಅದು ಅಲ್ಲಿನ ಕಡುಬೇಸಿಗೆ. ಆಗ ಉಷ್ಣದೊಡನೆ ತೇವವೂ ಸೇರಿ ಜೀರ್ಣಶಕ್ತಿಯನ್ನು ಕುಂದಿಸುತ್ತದೆಂಬುದು ಆ ನಾಡಿನ ಪಾರಂಪರಿಕ ವೈದ್ಯದ ಮತ. ಆದ್ದರಿಂದ ಎಷ್ಟೇ ಧಗೆಯಿದ್ದರೂ ಮಂಜುಗಡ್ಡೆಯ ನೀರು ಅಲ್ಲಿ ಅಪಥ್ಯ. ಹೆಸರುಕಾಳು ಬೇಯಿಸಿದ ತಿಳಿ, ಬೂದುಗುಂಬಳದ ಸಾರು, ಹಾಗಲಕಾಯಿ, ಸೇವಂತಿಗೆ ಹೂವಿನ ಕಷಾಯ ಇವೇ ಮನೆಮನೆಯ ತಂಪು, ನಡುಹಗಲಿನಲ್ಲಿ ಅಲ್ಪನಿದ್ರೆ. ಗ್ರೀಷ್ಮದಲ್ಲಿ ಲಘುವೂ ದ್ರವವೂ ಆದ ಆಹಾರವನ್ನೂ ಹಗಲುನಿದ್ರೆಯನ್ನೂ ವಿಧಿಸುವ ಆಯುರ್ವೇದವು ಇಲ್ಲಿ ಚೀನೀ ವೈದ್ಯಕ್ಕೆ ಸಮೀಪವಾಗಿದೆ.

ಸದ್ಭಕ್ತರು ಒಂದನ್ನು ಮರೆಯಬಾರದು: ಪಥ್ಯವಿರುವುದು ಬಾಧೆಯನ್ನು ತಡೆಯುವುದಕ್ಕೆ. ಬಿಸಿಲಿಗೆ ಬಳಲಿದವರ ಮೈ ಕಾದು, ಮಾತು ತೊದಲಿ, ಪ್ರಜ್ಞೆ ಮಂಕಾದರೆ ಕಷಾಯಕ್ಕೆ ಕಾಯದೆ ನೆರಳಿಗೆ ತಂದು, ಮೈಗೆ ನೀರೆರೆದು ಗಾಳಿ ಬೀಸುತ್ತ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.