ಅಕ್ಕಿ ಇಮ್ಮಡಿಯಾದರೆ ವಿಸಿಲೂ ಇಮ್ಮಡಿಯೇ?

ಮಧೂರು ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಗಣಪತಿಯ ಅಪ್ಪ ಪ್ರಸಾದ. ಊರಿನ ಅಡುಗೆಮನೆಗಳ ನಿತ್ಯದ ಚಿಂತೆ ಮಾತ್ರ ಕುಚ್ಚಲಕ್ಕಿಯದು. ಬೆಳ್ತಿಗೆಯ ಹಾಗೆ ಎರಡು ವಿಸಿಲಿಗೆ ಮಣಿಯುವ ಅಕ್ಕಿ ಅದಲ್ಲ. ಮನೆಮಂದಿಗಷ್ಟೇ ಆದರೆ ಅಳತೆ ಕೈಗೆ ಹತ್ತಿರುತ್ತದೆ. ದೇವಸ್ಥಾನಕ್ಕೆ ಬಂದ ನೆಂಟರು ಊಟಕ್ಕೂ ನಿಂತರು, ಅಕ್ಕಿ ಇಮ್ಮಡಿ ಹಾಕಬೇಕಾಯಿತು ಎನ್ನಿ. ಆಗ ವಿಸಿಲೂ ಇಮ್ಮಡಿ ಬೇಕೇ? ಬೇಡ. ಹೆಚ್ಚುವುದು ಮೊದಲ ವಿಸಿಲಿನವರೆಗಿನ ಹೊತ್ತು; ಅದೂ ಪೂರ್ತಿ ಇಮ್ಮಡಿಯಾಗುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಅಕ್ಕಿಯನ್ನೂ ನೀರೆಂದೇ ಹಿಡಿದರೆ, ಒಂದು ಕಿಲೋವನ್ನು 30 ಡಿಗ್ರಿ ಸೆಲ್ಸಿಯಸ್‌ನಿಂದ ಕುಕ್ಕರಿನ 120 ಡಿಗ್ರಿಗೆ ಏರಿಸಲು ಸುಮಾರು 378 ಕಿಲೋಜೂಲ್ ಶಾಖ ಬೇಕು. ಎರಡು ಕಿಲೋ ತೂಕದ ಅಲ್ಯೂಮಿನಿಯಂ ಕುಕ್ಕರ್ ತಾನು ಬಿಸಿಯಾಗಲು ಇನ್ನೊಂದು 162 ಕಿಲೋಜೂಲ್ ತಿನ್ನುತ್ತದೆ. ಒಲೆಯಿಂದ ಪಾತ್ರೆಯೊಳಗೆ ನಿಜವಾಗಿ ಇಳಿಯುವ ಶಾಖ 1.5 ಕಿಲೋವಾಟ್ ಎಂದುಕೊಳ್ಳಿ. ಒಳಗೆ ಒಂದು ಕಿಲೋ ಇದ್ದರೆ 6 ನಿಮಿಷ, ಎರಡು ಕಿಲೋಗೆ 10, ನಾಲ್ಕು ಕಿಲೋಗೆ ಹದಿನೆಂಟೂವರೆ. ಪಾತ್ರೆಯ ಪಾಲಿನ ಶಾಖ ಮೂರು ಸಲವೂ ಅಷ್ಟೇ ಆದ್ದರಿಂದ ಹೊತ್ತು ಅಕ್ಕಿಯಷ್ಟು ವೇಗವಾಗಿ ಬೆಳೆಯುವುದಿಲ್ಲ. ಪುಟ್ಟ ಅಡುಗೆಗೆ ದೊಡ್ಡ ಕುಕ್ಕರ್ ಹಿಡಿದರೆ ಗ್ಯಾಸ್ ಯಾಕೆ ದಂಡ ಎಂಬುದೂ ಇಲ್ಲೇ ತಿಳಿಯುತ್ತದೆ.

ಕಾದಮೇಲಿನ ಕಥೆ ಬೇರೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ಚದರ ಸೆಂಟಿಮೀಟರಿಗೆ ಒಂದು ಕಿಲೋದಷ್ಟು ಹೆಚ್ಚಾದಾಗ ವೆಯ್ಟ್ ಏಳುತ್ತದೆ. ಅಲ್ಲಿಂದಾಚೆ ಒಲೆ ಎಷ್ಟು ಉರಿದರೂ ಬಿಸಿ ಏರದು. ಮಿಕ್ಕ ಶಾಖವೆಲ್ಲ ಹಬೆಯಾಗಿ ಹೊರಗೆ. ಪ್ರತಿ ಅಕ್ಕಿಕಾಳೂ ಅದೇ 120 ಡಿಗ್ರಿಯಲ್ಲಿ ತನ್ನಷ್ಟಕ್ಕೆ ತಾನು ಬೇಯುತ್ತದೆ, ಪಕ್ಕದಲ್ಲಿ ಎಷ್ಟು ಕಾಳುಗಳಿವೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ವಿಸಿಲಿನ ಎಣಿಕೆ ಹೇಳುವುದು ಉರಿಯ ಜೋರನ್ನು, ಅಕ್ಕಿಯ ಹದವನ್ನಲ್ಲ. ಮೊದಲ ವಿಸಿಲಿಗೆ ಒಲೆಯನ್ನು ಸಿಮ್ ಮಾಡಿ ಗಡಿಯಾರ ನೋಡುವವರೇ ಜಾಣರು ಎಂದು ನನ್ನ ಮತ. ದೊಡ್ಡ ಅಳತೆಗೆ ಆ ಹೊತ್ತನ್ನು ತುಸು ಕಡಿಮೆ ಮಾಡಿದರೂ ನಡೆದೀತು. ಅಕ್ಕಿಯ ಪಿಷ್ಟ 70 ಡಿಗ್ರಿಯ ಆಸುಪಾಸಿನಲ್ಲೇ ನೀರು ಹೀರಿ ಉಬ್ಬತೊಡಗುತ್ತದೆ; ತುಂಬಿದ ಕುಕ್ಕರ್ ನಿಧಾನವಾಗಿ ಕಾಯುವಾಗಲೂ ನಿಧಾನವಾಗಿ ಆರುವಾಗಲೂ ಅನ್ನ ಬೇಯುತ್ತಲೇ ಇರುತ್ತದೆ.

ಹಬೆ ಧಾರೆಯಾಗಿ ಬಂದ ಮೇಲೆಯೇ ವೆಯ್ಟ್ ಇಡಬೇಕೆಂಬ ಹಿರಿಯರ ಹಟಕ್ಕೂ ಕಾರಣವಿದೆ. ಒಳಗಿನ ಗಾಳಿ ಹೊರಹೋಗದಿದ್ದರೆ ಒತ್ತಡದಲ್ಲಿ ಅದರದ್ದೂ ಪಾಲಿರುತ್ತದೆ. ಗಾಳಿ ಅರ್ಧ ಉಳಿದರೆ, ಒತ್ತಡ ಅಷ್ಟೇ ಇದ್ದರೂ ಬಿಸಿ 112 ಡಿಗ್ರಿಯಷ್ಟೇ.

ಅಡುಗೆಮನೆಯಲ್ಲಿ ತಪ್ಪಿದರೆ ಅನ್ನ ಗಟ್ಟಿ, ಅಷ್ಟೇ. ಪ್ರಯೋಗಾಲಯದಲ್ಲಿ ಹಾಗಲ್ಲ. ಮಧೂರಿನ ನೆರೆಯ ಕೂಡ್ಲಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಹುಟ್ಟಿ 1970ರಲ್ಲಿ ರಾಷ್ಟ್ರೀಯ ಸಂಸ್ಥೆಯಾಯಿತು. ಅಲ್ಲಿ ನಡೆದಿರುವಂಥ ತೆಂಗಿನ ಅಂಗಾಂಶ ಕೃಷಿಗೆ ಬೇಕಾದ ಪೋಷಕ ದ್ರವವನ್ನು ಸೂಕ್ಷ್ಮಜೀವಿಮುಕ್ತ ಮಾಡುವುದು ಆಟೋಕ್ಲೇವ್ ಎಂಬ ಒತ್ತಡದ ಪಾತ್ರೆ. ಡೆನಿಸ್ ಪಾಪಿನ್ ಮೂಳೆ ಮೆದುವಾಗಿಸಲು 1679ರಲ್ಲಿ ಮಾಡಿದ ಪಾತ್ರೆಯ ವಂಶದ್ದೇ ಇದು. ಚಾರ್ಲ್ಸ್ ಶಾಂಬರ್ಲಾಂ 1879ರಲ್ಲಿ ಇದಕ್ಕೆ ರೂಪ ಕೊಟ್ಟರು. ಇದರ ಮುಳ್ಳು 121 ಡಿಗ್ರಿ ತೋರಿಸಿತೆಂದರೆ ಹಬೆ ಕಾದಿದೆ ಎಂದರ್ಥ, ಬಾಟಲಿಯ ಒಡಲು ಕಾದಿದೆ ಎಂದಲ್ಲ. ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಒಂದು ಪಟ್ಟಿಯ ಪ್ರಕಾರ 100 ಮಿಲಿಲೀಟರ್ ದ್ರವಕ್ಕೆ 28 ನಿಮಿಷ ಬೇಕಾದರೆ ನಾಲ್ಕು ಲೀಟರಿನ ಒಂದೇ ಪಾತ್ರೆಗೆ 63. ಅದೇ ನಾಲ್ಕು ಲೀಟರನ್ನು ಚಿಕ್ಕ ಬಾಟಲಿಗಳಿಗೆ ಹಂಚಿದರೆ ಕೆಲಸ ಬೇಗ ಮುಗಿಯುತ್ತದೆ. ಬಹಳ ಹೊತ್ತು ಕಾದು ಸಕ್ಕರೆ ಕೆಡುವುದೂ ತಪ್ಪುತ್ತದೆ.

ಹಬೆಯಲ್ಲಿ ಬೇಯಿಸುವ, ವೆಯ್ಟೇ ಇಲ್ಲದ ಅಟ್ಟಿನಳಗೆಯಲ್ಲೂ ಇದೇ ನ್ಯಾಯ. ಹಲಸಿನಹಣ್ಣಿನ ಕೊಟ್ಟಿಗೆಯ ಹಿಟ್ಟು ಕಾಯುವುದು ಹಬೆ ಅದರ ಬಾಳೆಲೆಗೆ ತಾಗಿ ನೀರಾದಾಗ. ಒಂದು ಕಿಲೋ ಹಿಟ್ಟಿಗೆ ಸುಮಾರು 110 ಗ್ರಾಂ ಹಬೆ ಹಾಗೆ ನೀರಾಗಬೇಕು. ಐದು ಕಿಲೋ ಪೇರಿಸಿಟ್ಟರೆ ಕೆಳಗಿನ ಸಾಲು ತನ್ನ ಪಾಲು ಹೀರಿದ ಮೇಲೆಯೇ ಮೇಲಿನ ಸಾಲಿಗೆ ಸರದಿ. ಅದೇ ಒಲೆಯಲ್ಲಿ ಇದಕ್ಕೆ ಹದಿಮೂರು ಹದಿನಾಲ್ಕು ನಿಮಿಷ ಹಿಡಿಯುತ್ತದೆ. ಬೇಯುವ ಹೊತ್ತು ಆಮೇಲಿನದು. ದಪ್ಪದ ಲೆಕ್ಕ ಇನ್ನೂ ಕಠಿಣ. ಗಟ್ಟಿ ಹಿಟ್ಟಿನೊಳಗೆ ಶಾಖ ಇಂಚಿಂಚಾಗಿ ನುಗ್ಗಬೇಕಾದ್ದರಿಂದ ಇಮ್ಮಡಿ ದಪ್ಪದ ಕೊಟ್ಟಿಗೆಯ ನಡು ಕಾಯಲು ಸರಿಸುಮಾರು ನಾಲ್ಕು ಪಟ್ಟು ಹೊತ್ತು ಹೋಗುತ್ತದೆ. ನೆಂಟರು ಹೆಚ್ಚಿದ್ದಾರೆಂದು ಎಲೆಗೆ ಹಿಟ್ಟು ಜಾಸ್ತಿ ಸುರಿಯುವ ಬದಲು ಇನ್ನೂ ನಾಲ್ಕು ಎಲೆ ಬಾಡಿಸಿಕೊಂಡು, ಕೊಟ್ಟಿಗೆಗಳ ನಡುವೆ ಹಬೆ ನುಸುಳುವಷ್ಟು ಸಂದು ಬಿಟ್ಟು ಜೋಡಿಸಿದರೆ ಊಟದ ಹೊತ್ತಿಗೆ ಅಟ್ಟಿನಳಗೆ ಇಳಿಸಬಹುದು.